ಮೊದಲ ಲೆಕ್ಕಪತ್ರ ಕೆಲಸ: ಬಿಡುವ ಮುನ್ನ ಮಾಡಬೇಕಾದ ಲೆಕ್ಕ

ಬಿ.ಕಾಂ. ಮುಗಿಸಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಯ ಲೆಕ್ಕಪತ್ರ ವಿಭಾಗ ಸೇರಿದವರು ಎರಡನೇ ವರ್ಷಕ್ಕೆ ಕೇಳುವ ಪ್ರಶ್ನೆ ಒಂದೇ: ‘ಬಿಡಲೇ ಸರ್, ಇರಲೇ?’ ಕೇಳುವುದೂ ಬಹುಪಾಲು ಸಂಬಳ ಹೆಚ್ಚಳದ ಪತ್ರ ಕೈಗೆ ಬಂದ ಮರುದಿನ. ಆ ದಿನ ಮಾತ್ರ ತೀರ್ಮಾನ ಬೇಡ.

ಮೊದಲು ಒಂದು ನೋಟ್‌ಬುಕ್ ಇಡಿ. ತಿಂಗಳ 1ರಿಂದ 20ರವರೆಗೆ ಮಾಡಿದ ಕೆಲಸವನ್ನೆಲ್ಲ ಬರೆಯಿರಿ. 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಕಡಿತ ಮಾಡಿದ ತೆರಿಗೆ) ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರ, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ ವಿವರಪಟ್ಟಿ ಎಲ್ಲ ಕಚೇರಿಯಲ್ಲೂ ಇರುವುದೇ. ಅದರಲ್ಲಿ ನಿಮ್ಮ ಪಾಲೇನು? ಬಿಲ್ ನಮೂದಿಸಿ ಕೈತೊಳೆದುಕೊಂಡಿರಾ, ಅಥವಾ 2ಬಿಯಲ್ಲಿ (ಮಾರಿದವರು ಸಲ್ಲಿಸಿದ ಬಿಲ್‌ಗಳಿಂದ ತಯಾರಾಗುವ ಜಿಎಸ್‌ಟಿ ಪಟ್ಟಿ) ಕಾಣದ ಖರೀದಿ ಬಿಲ್ ಹಿಡಿದು ಮಾರಿದವರಿಗೆ ನೀವೇ ಫೋನ್ ಮಾಡಿದಿರಾ? ಕಳೆದ ವರ್ಷದ ಇದೇ ತಿಂಗಳಲ್ಲಿ ಮಾಡಲು ಬಾರದಿದ್ದ ಒಂದಾದರೂ ಕೆಲಸ ಪುಟದಲ್ಲಿ ಇರಬೇಕು.

ನಾನು ಮೊದಲ ಕಚೇರಿಯಲ್ಲಿ ಮೂರು ವರ್ಷ ಬ್ಯಾಂಕ್ ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆ ನೋಡುತ್ತಲೇ ಕಳೆದೆ. ಸಂದರ್ಶನಕ್ಕೆ ಹೋದಾಗ, ಕಂಪನಿ ಕಾಯ್ದೆಯ ಸವಕಳಿಗೂ (ಯಂತ್ರ, ಕಟ್ಟಡಗಳ ಮೌಲ್ಯವನ್ನು ವರ್ಷವರ್ಷ ಇಳಿಸುವ ಲೆಕ್ಕ) ಆದಾಯ ತೆರಿಗೆಯ ಸವಕಳಿಗೂ ಏಕೆ ವ್ಯತ್ಯಾಸ ಎಂದು ಕೇಳಿದರು. ಬಾಯಿ ಕಟ್ಟಿತು. ಮೂರು ವರ್ಷದ ಅನುಭವ ಎಂದು ಬರೆದುಕೊಂಡಿದ್ದೆ. ಇದ್ದದ್ದು ಒಂದೇ ತಿಂಗಳ ಅನುಭವ, ಮೂವತ್ತಾರು ಸಲ.

ಪುಟ ಖಾಲಿ ಎನಿಸಿದರೂ ರಾಜೀನಾಮೆಗೆ ಮುನ್ನ ಮೇಲಧಿಕಾರಿಯ ಬಳಿ ಬೇರೆ ಕೆಲಸ ಕೇಳಿ. ದಾಸ್ತಾನಿನ ಮೌಲ್ಯಮಾಪನ, ಲೆಕ್ಕ ಪರಿಶೋಧಕರ ಪ್ರಶ್ನೆಗಳಿಗೆ ಉತ್ತರ, ಏನಾದರೂ ಸರಿ. ಮಾರ್ಚ್ ಮುಕ್ತಾಯದ ಲೆಕ್ಕವನ್ನು ಪರಿಶೋಧನೆಯವರೆಗೆ ಒಮ್ಮೆಯೂ ನೋಡದೆ ಹೊರಡುವುದು ಕಟಾವಿಗೆ ಬಂದ ಕಬ್ಬಿನ ಗದ್ದೆ ಬಿಟ್ಟುಕೊಟ್ಟ ಹಾಗೆ. ಮಂಡ್ಯದವರಿಗೆ ಹೆಚ್ಚು ಹೇಳಬೇಕಿಲ್ಲ.

ಕೇಳಿ ನಾಲ್ಕೈದು ತಿಂಗಳಾದರೂ ಏನೂ ಸಿಗದಿದ್ದರೆ ಹೊರಗೆ ಹುಡುಕಿ. ಬೆಂಗಳೂರಿನ ಕರೆ ಬಂದರೆ ವಾರ್ಷಿಕ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ. ಅದರಲ್ಲಿ ಕಂಪನಿಯ ಪಿಎಫ್ ಪಾಲೂ ಸೇರಿರುತ್ತದೆ, ಮೂಲ ವೇತನದ ಶೇ 4.81 ಗ್ರಾಚುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡುಗಂಟು) ಎಂದೂ ಸೇರಿಸಿರುತ್ತಾರೆ. ಕೈಗೆ ಬರುವುದೆಷ್ಟು ಎಂದು ಬರಹದಲ್ಲಿ ಕೇಳಿ. ಇಲ್ಲಿ 26,000, ಅಲ್ಲಿ 36,000 ಎಂದಿಟ್ಟುಕೊಳ್ಳಿ. ಪಿಜಿ ಬಾಡಿಗೆ, ಊಟ, ವಾರಾಂತ್ಯಕ್ಕೆ ಊರಿಗೆ ಬರುವ ರೈಲು ಕಳೆದರೆ, ಕುವೆಂಪುನಗರದ ಮನೆಯಲ್ಲಿ ಅಮ್ಮನ ಕೈಯೂಟ ಉಂಡವನೇ ಶ್ರೀಮಂತ! ಹಾಗಿದ್ದರೂ ಅಲ್ಲಿನ ಕೆಲಸ ಹೊಸದನ್ನು ಕಲಿಸುವಂತಿದ್ದರೆ ಹೋಗಿ. ಬರೀ ಹತ್ತು ಸಾವಿರಕ್ಕಾದರೆ ಬೇಡ ಎನ್ನುತ್ತೇನೆ.

ಇನ್ನು ದಿನಾಂಕ. ಕಾಯಂ ನೌಕರರಿಗೆ ಗ್ರಾಚುಟಿ ಸಿಗುವುದು 5 ವರ್ಷ ಸತತ ಸೇವೆಗೆ. ಮೂಲ ವೇತನ 20,000 ಇದ್ದರೆ, ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 5 ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 57,700 ರೂಪಾಯಿ. ನಾಲ್ಕೂವರೆ ವರ್ಷವಾಗಿದ್ದರೆ ಹಲ್ಲುಕಚ್ಚಿ ಕಾಯುವುದು ಲೇಸು. ಎರಡೇ ವರ್ಷವಾಗಿದ್ದರೆ ಅದಕ್ಕಾಗಿ ಕೊಳೆಯಬೇಡಿ. ಪಿಎಫ್ ಹಣ ತೆಗೆಯಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ; ವರ್ಗಾಯಿಸಿದರೆ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ.

ಬಿಟ್ಟ ಎರಡು ತಿಂಗಳಿಗೆ ಪಿಎಫ್ ಜಾಲತಾಣ ತೆರೆದು, ಹಳೆಯ ಕಚೇರಿಯವರು ನಿಮ್ಮ ನಿರ್ಗಮನ ದಿನಾಂಕ ನಮೂದಿಸಿದ್ದಾರೆಯೇ ನೋಡಿ. ಮರೆತಿದ್ದರೆ ಅವರ ಬಾಗಿಲು ತಟ್ಟಬೇಕಿಲ್ಲ, ನೀವೇ ನಮೂದಿಸಬಹುದು.