ಪೋಸ್ಟ್‌ಗ್ರೆಸ್‌ನಿಂದ ಕಾಫ್ಕಾಗೆ: ವೆಬ್ ಕನ್ಸೋಲ್‌ನಲ್ಲಿ ಕನೆಕ್ಟರ್ ಕೂರಿಸಿದ ನನ್ನ ಅನುಭವ

ನಮ್ಮಲ್ಲಿ ಆರ್ಡರ್‌ಗಳೆಲ್ಲ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ಬಿಲ್ಲಿಂಗ್ ನಡೆಯುವುದು ಅದರ ಮೇಲೆ, ರಿಪೋರ್ಟ್‌ಗಳು ಓಡುತ್ತಿದ್ದುದೂ ಅದರ ಮೇಲೆಯೇ. ತಿಂಗಳ ಕೊನೆಗೆ ಲೆಕ್ಕದವರು ದೊಡ್ಡ ರಿಪೋರ್ಟ್ ತೆಗೆದರೆ ಕೌಂಟರ್‌ನಲ್ಲಿ ಬಿಲ್ ನಿಧಾನವಾಗುತ್ತಿತ್ತು. ಅದಕ್ಕೆ ರಾತ್ರಿ ಹೊತ್ತು ಟೇಬಲ್‌ಗಳನ್ನು ಬೇರೆ ಡೇಟಾಬೇಸ್‌ಗೆ ನಕಲು ಮಾಡುವ ಸ್ಕ್ರಿಪ್ಟ್ ಇತ್ತು. ಆದರೆ ಅಲ್ಲಿ ಯಾವಾಗಲೂ ನಿನ್ನೆಯ ಲೆಕ್ಕವೇ ಸಿಗುತ್ತಿತ್ತು. ಇವತ್ತಿನದು ಇವತ್ತೇ ಬೇಕು ಅಂತ ಎಲ್ಲರೂ ಕೇಳತೊಡಗಿದರು. ಆಗ ನಾನು ಕಾಫ್ಕಾ ಕನೆಕ್ಟ್ ಮತ್ತು ಡೆಬೀಜಿಯಂ ಹಿಡಿದೆ.

ಕಾಫ್ಕಾ ಅಂದರೆ ಮೆಸೇಜ್‌ಗಳನ್ನು ಸಾಲಾಗಿ ಇಟ್ಟುಕೊಂಡು ಬೇಕಾದವರಿಗೆ ಓದಲು ಕೊಡುವ ವ್ಯವಸ್ಥೆ. ಆ ಸಾಲಿಗೆ ಟಾಪಿಕ್ ಅನ್ನುತ್ತಾರೆ, ಟಾಪಿಕ್‌ನ ಒಂದೊಂದು ಭಾಗ ಪಾರ್ಟಿಶನ್, ಅವನ್ನು ಇಟ್ಟುಕೊಳ್ಳುವ ಸರ್ವರ್ ಬ್ರೋಕರ್. ಇದು ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆಯಿತು. ಅದಕ್ಕೆ ಕನೆಕ್ಟ್ ಸೇರಿದ್ದು 2015ರಲ್ಲಿ, 0.9 ಆವೃತ್ತಿಯೊಂದಿಗೆ. ಕನೆಕ್ಟ್ ಇರುವುದರಿಂದ ಡೇಟಾ ಎತ್ತುವ, ಇಳಿಸುವ ಕೋಡ್ ನಾವು ಬರೆಯಬೇಕಿಲ್ಲ. ಒಂದು ಕಾನ್ಫಿಗರೇಶನ್ ಕೊಟ್ಟರೆ ಸಾಕು. ಡೆಬೀಜಿಯಂ ಅದರೊಳಗೆ ಕೂರುವ ಕನೆಕ್ಟರ್. ಅದು ಟೇಬಲ್‌ಗೆ ಪದೇ ಪದೇ ಕ್ವೆರಿ ಹಾಕುವುದಿಲ್ಲ. ಡೇಟಾಬೇಸ್ ತನಗಾಗಿ ಬರೆದುಕೊಳ್ಳುವ ಲಾಗ್ ಅನ್ನೇ ಓದುತ್ತದೆ. ಹಾಗಾಗಿ ಅಳಿಸಿದ ಸಾಲಿನ ಸುದ್ದಿಯೂ ಸಿಗುತ್ತದೆ. ನಮ್ಮ ರಾತ್ರಿ ಸ್ಕ್ರಿಪ್ಟ್‌ಗೆ ಅದು ಯಾವತ್ತೂ ಸಿಗುತ್ತಿರಲಿಲ್ಲ.

ಕನೆಕ್ಟ್‌ಗೆ ತನ್ನದೇ ರೆಸ್ಟ್ ಎಪಿಐ (ವೆಬ್ ವಿಳಾಸದ ಮೂಲಕ ಆಜ್ಞೆ ಕೊಡುವ ದಾರಿ) ಇದೆ, 8083 ಪೋರ್ಟ್‌ನಲ್ಲಿ. ಕರ್ಲ್ ಅನ್ನುವ ಕಮಾಂಡ್ ಬಳಸಿ ಎಲ್ಲವನ್ನೂ ಮಾಡಬಹುದು. ನನಗೆ ಅದು ಸಾಕಾಗಿತ್ತು. ಆದರೆ ರಾತ್ರಿ ಪಾಳಿಯಲ್ಲಿ ಇರುವ ಸಪೋರ್ಟ್ ಹುಡುಗರಿಗೆ ಏನಾಗಿದೆ ಅಂತ ಒಂದು ನೋಟದಲ್ಲಿ ಕಾಣಬೇಕು. ಬೆಳಗಿನ ಜಾವ ಏನೋ ನಿಂತರೆ ಯಾರೂ ಕಮಾಂಡ್ ನೆನಪು ಮಾಡಿಕೊಳ್ಳುತ್ತಾ ಕೂರಬಾರದು. ಅದಕ್ಕೇ ಕಾಫ್ಕಾ ಯುಐ ಹಾಕಿದೆ. ಇದು ಪ್ರೊವೆಕ್ಟಸ್ ಕಂಪನಿಯಲ್ಲಿ ಶುರುವಾದ ಓಪನ್ ಸೋರ್ಸ್ ಕನ್ಸೋಲ್, ಈಗ ಕಾಫ್‌ಬ್ಯಾಟ್ ಹೆಸರಿನಲ್ಲಿ ಮುಂದುವರಿದಿದೆ. ರೆಡ್‌ಪಾಂಡಾ ಕನ್ಸೋಲ್, ಎಕೆಹೆಚ್‌ಕ್ಯೂ ಕೂಡ ಇವೆ. ಯಾವುದನ್ನು ಆರಿಸಿದರೂ ಹಿಂದೆ ಮಾತಾಡುವುದು ಅದೇ 8083ರ ಜೊತೆಗೆ.

ಮೊದಲೇ ಒಂದು ಮಾತು ಹೇಳುತ್ತೇನೆ. ಕನ್ಸೋಲ್‌ನಲ್ಲಿ ಫಾರ್ಮ್ ತುಂಬುವುದು ಈ ಕೆಲಸದ ತೀರಾ ಸಣ್ಣ ಭಾಗ. ಅದಕ್ಕೆ ಮುಂಚೆ ಡೇಟಾಬೇಸ್ ಕಡೆ ತಯಾರಿ ಬೇಕು. ಆಮೇಲೆ ಕೂಡ ಒಂದು ಕಣ್ಣು ಡೇಟಾಬೇಸ್ ಮೇಲೇ ಇರಬೇಕು. ಪರದೆಯ ಮೇಲಿನ ಹಸಿರು ಬಣ್ಣ ಅರ್ಧ ಸುದ್ದಿ ಮಾತ್ರ ಹೇಳುತ್ತದೆ.

ತಯಾರಿಯಿಂದ ಶುರು ಮಾಡೋಣ. ಪೋಸ್ಟ್‌ಗ್ರೆಸ್‌ನಲ್ಲಿ ವಾಲ್ ಲೆವೆಲ್ ಅನ್ನುವ ಸೆಟ್ಟಿಂಗ್ ಇದೆ. ವಾಲ್ ಅಂದರೆ ಮೇಲೆ ಹೇಳಿದ ಲಾಗ್, ಅದರಲ್ಲಿ ಎಷ್ಟು ವಿವರ ಬರೆಯಬೇಕು ಅನ್ನುವುದೇ ಈ ಸೆಟ್ಟಿಂಗ್. ಅದು ಮಾಮೂಲಾಗಿ 'ರೆಪ್ಲಿಕಾ' ಆಗಿರುತ್ತದೆ. ಅದನ್ನು 'ಲಾಜಿಕಲ್' ಮಾಡಬೇಕು. ಇದಕ್ಕೆ ಡೇಟಾಬೇಸ್ ರೀಸ್ಟಾರ್ಟ್ ಬೇಕೇ ಬೇಕು. ಹಾಗಾಗಿ ಬಿಲ್ಲಿಂಗ್ ಮುಗಿದ ಮೇಲಿನ ಹೊತ್ತು ಕೇಳಿಕೊಂಡೆ. ಅಮೆಜಾನ್‌ನ ಕ್ಲೌಡ್ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ಇರುವವರು ಪ್ಯಾರಾಮೀಟರ್ ಗ್ರೂಪ್‌ನಲ್ಲಿ ಲಾಜಿಕಲ್ ರೆಪ್ಲಿಕೇಶನ್ ಅನ್ನು 1 ಮಾಡಬೇಕು, ಅಲ್ಲೂ ರೀಬೂಟ್ ತಪ್ಪುವುದಿಲ್ಲ. ಆಮೇಲೆ ಕನೆಕ್ಟರ್‌ಗೆ ಅಂತಲೇ ಒಬ್ಬ ಯೂಸರ್. ಲಾಗಿನ್, ರೆಪ್ಲಿಕೇಶನ್ ಹಕ್ಕು, ಬೇಕಾದ ಟೇಬಲ್‌ಗಳಿಗೆ ಸೆಲೆಕ್ಟ್ ಹಕ್ಕು, ಇಷ್ಟೇ. ಸೂಪರ್‌ಯೂಸರ್ ಕೊಡಬೇಡಿ. ಪಬ್ಲಿಕೇಶನ್ ಅನ್ನು, ಅಂದರೆ ಹೊರಗೆ ಕಳಿಸಬೇಕಾದ ಟೇಬಲ್‌ಗಳ ಪಟ್ಟಿಯನ್ನು, ಟೇಬಲ್‌ನ ಮಾಲೀಕನ ಖಾತೆಯಿಂದ ನಾನೇ ಮಾಡಿದೆ. ಕಾನ್ಫಿಗರೇಶನ್‌ನಲ್ಲಿ ಪಬ್ಲಿಕೇಶನ್ ಆಟೋಕ್ರಿಯೇಟ್ ಮೋಡ್ ಅನ್ನು 'ಡಿಸೇಬಲ್ಡ್' ಇಟ್ಟೆ. ಹೀಗೆ ಮಾಡಿದರೆ ಯಾವ ಟೇಬಲ್ ಹೊರಗೆ ಹೋಗುತ್ತದೆ ಅನ್ನುವ ನಿರ್ಧಾರ ಡೇಟಾಬೇಸ್ ನೋಡುವವರ ಕೈಯಲ್ಲೇ ಉಳಿಯುತ್ತದೆ.

ಪ್ರತಿ ಟೇಬಲ್‌ಗೂ ಪ್ರೈಮರಿ ಕೀ (ಒಂದೊಂದು ಸಾಲನ್ನೂ ಗುರುತಿಸುವ ಕಾಲಂ) ಇದೆಯಾ ಅಂತ ನೋಡಿ. ಕಾಫ್ಕಾ ಮೆಸೇಜ್‌ನ ಕೀ ಅದರಿಂದಲೇ ಬರುತ್ತದೆ. ಒಂದೇ ಆರ್ಡರ್‌ನ ಬದಲಾವಣೆಗಳು ಒಂದೇ ಪಾರ್ಟಿಶನ್‌ಗೆ ಸಾಲಾಗಿ ಬರುವುದು ಆ ಕೀಯಿಂದ. ಬದಲಾಗುವ ಮುಂಚಿನ ಪೂರ್ತಿ ಸಾಲೂ ಬೇಕು ಅಂದರೆ ರೆಪ್ಲಿಕಾ ಐಡೆಂಟಿಟಿಯನ್ನು 'ಫುಲ್' ಮಾಡಬೇಕು. ಆಗ ಲಾಗ್ ದಪ್ಪವಾಗುತ್ತದೆ. ನಮಗೆ ಅದರ ಅಗತ್ಯವಿರಲಿಲ್ಲ, ಬಿಟ್ಟೆ.

ಕನೆಕ್ಟರ್‌ಗಳನ್ನು ಓಡಿಸುವ ಪ್ರೋಗ್ರಾಂಗೆ ಕನೆಕ್ಟ್ ವರ್ಕರ್ ಅನ್ನುತ್ತಾರೆ. ಅದಕ್ಕೆ ಡೆಬೀಜಿಯಂನವರೇ ಕೊಡುವ ಕಂಟೇನರ್ ಇಮೇಜ್ (ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ಪೊಟ್ಟಣ) ಬಳಸಿದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಪ್ಲಗಿನ್‌ಗಳು ಅದರಲ್ಲಿ ಮೊದಲೇ ಇರುತ್ತವೆ. ವರ್ಕರ್ ಮೂರು ಟಾಪಿಕ್ ಇಟ್ಟುಕೊಳ್ಳುತ್ತದೆ: ಕಾನ್ಫಿಗ್, ಆಫ್‌ಸೆಟ್, ಸ್ಟೇಟಸ್. ಕಾನ್ಫಿಗ್ ಟಾಪಿಕ್‌ಗೆ ಒಂದೇ ಪಾರ್ಟಿಶನ್ ಇರಬೇಕು. ಮೂರಕ್ಕೂ ಕ್ಲೀನಪ್ ಪಾಲಿಸಿ 'ಕಾಂಪ್ಯಾಕ್ಟ್' ಆಗಿರಬೇಕು, ಅಂದರೆ ಪ್ರತಿ ಕೀಯ ಕೊನೆಯ ಮೆಸೇಜ್ ಉಳಿಯಬೇಕು. ಈ ಟಾಪಿಕ್‌ಗಳನ್ನು ಯಾರೋ ಮೊದಲೇ ಕೈಯಿಂದ ಮಾಡಿದ್ದರೆ, ಇಲ್ಲಾ ಬ್ರೋಕರ್ ತಾನಾಗಿ ಮಾಡಿದ್ದರೆ, ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಕನ್ಸೋಲ್‌ನ ಟಾಪಿಕ್ಸ್ ಪುಟದಲ್ಲೇ ಅದು ಕಾಣುತ್ತದೆ.

ಕನ್ಸೋಲ್‌ಗೆ ಕನೆಕ್ಟ್‌ನ ವಿಳಾಸ ಕೊಡುವಾಗ ಒಂದು ವಿಷಯ ಗಮನದಲ್ಲಿರಲಿ. ಕನ್ಸೋಲ್ ಕೂಡ ಕಂಟೇನರ್‌ನಲ್ಲಿ ಓಡುತ್ತಿದ್ದರೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ಹಾಗಾಗಿ ಸರ್ವೀಸ್‌ನ ಹೆಸರು ಮತ್ತು 8083 ಕೊಡಬೇಕು. ಬ್ರೋಕರ್‌ಗೂ ಇದೇ ಮಾತು.

ಈಗ ಫಾರ್ಮ್. ಎಡಗಡೆ ಮೆನುವಿನಲ್ಲಿ ಕಾಫ್ಕಾ ಕನೆಕ್ಟ್, ಅದರಲ್ಲಿ ಕ್ರಿಯೇಟ್ ಕನೆಕ್ಟರ್. ಎರಡೇ ಜಾಗ: ಹೆಸರು, ಮತ್ತು ಕಾನ್ಫಿಗರೇಶನ್ ಬರೆಯುವ ಜೇಸನ್ ಪೆಟ್ಟಿಗೆ. ಹೆಸರನ್ನು ಯೋಚಿಸಿ ಇಡಿ. ಎಲ್ಲಿವರೆಗೆ ಓದಿದೆ ಅನ್ನುವ ಲೆಕ್ಕ ಆ ಹೆಸರಿನ ಮೇಲೇ ಉಳಿಯುತ್ತದೆ. ಕನೆಕ್ಟರ್ ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ ಅದು ಮೊದಲಿನಿಂದ ಶುರುವಾಗುವುದಿಲ್ಲ, ನಿಲ್ಲಿಸಿದ ಕಡೆಯಿಂದ ಮುಂದುವರಿಯುತ್ತದೆ.

ಪೆಟ್ಟಿಗೆಯಲ್ಲಿ ಕನೆಕ್ಟರ್ ಕ್ಲಾಸ್, ಡೇಟಾಬೇಸ್‌ನ ವಿಳಾಸ, ಪೋರ್ಟ್ 5432, ಯೂಸರ್, ಪಾಸ್‌ವರ್ಡ್, ಪ್ಲಗಿನ್ ಹೆಸರು 'ಪಿಜಿಔಟ್‌ಪುಟ್'. ಇದು ಪೋಸ್ಟ್‌ಗ್ರೆಸ್ 10ರಿಂದ ಒಳಗೇ ಬರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಆಮೇಲೆ ಟಾಪಿಕ್ ಪ್ರಿಫಿಕ್ಸ್, ಟೇಬಲ್ ಇನ್‌ಕ್ಲೂಡ್ ಲಿಸ್ಟ್, ಸ್ಲಾಟ್‌ನ ಹೆಸರು (ಸ್ಲಾಟ್ ಏನು ಅಂತ ಮುಂದೆ ಹೇಳುತ್ತೇನೆ), ಪಬ್ಲಿಕೇಶನ್ ಹೆಸರು. ಹಳೆಯ ಲೇಖನಗಳಲ್ಲಿ ಟಾಪಿಕ್ ಪ್ರಿಫಿಕ್ಸ್ ಬದಲು ಡೇಟಾಬೇಸ್ ಸರ್ವರ್ ನೇಮ್ ಅಂತ ಇರುತ್ತದೆ. ಡೆಬೀಜಿಯಂ 2.0ರಲ್ಲಿ ಅದು ಬದಲಾಯಿತು. ಟಾಸ್ಕ್ಸ್ ಮ್ಯಾಕ್ಸ್ ಅನ್ನು ಜಾಸ್ತಿ ಮಾಡಿ ಪ್ರಯೋಜನವಿಲ್ಲ. ಪೋಸ್ಟ್‌ಗ್ರೆಸ್ ಕನೆಕ್ಟರ್ ಯಾವಾಗಲೂ ಒಂದೇ ಟಾಸ್ಕ್ ಬಳಸುತ್ತದೆ.

ಪಾಸ್‌ವರ್ಡ್ ಅನ್ನು ನೇರವಾಗಿ ಬರೆಯಲಿಲ್ಲ. ಕನೆಕ್ಟ್‌ನ ರೆಸ್ಟ್ ಎಪಿಐಗೆ ಮಾಮೂಲಾಗಿ ಲಾಗಿನ್ ಇರುವುದಿಲ್ಲ. ಕಾನ್ಫಿಗರೇಶನ್ ಕೇಳಿದವರಿಗೆಲ್ಲ ಪಾಸ್‌ವರ್ಡ್ ಸಮೇತ ಕೊಟ್ಟುಬಿಡುತ್ತದೆ. ಅದಕ್ಕೇ ವರ್ಕರ್‌ನಲ್ಲಿ ಫೈಲ್ ಕಾನ್ಫಿಗ್ ಪ್ರೊವೈಡರ್ ಆನ್ ಮಾಡಿದೆ. ಪಾಸ್‌ವರ್ಡ್ ವರ್ಕರ್ ಇರುವ ಮೆಷಿನ್‌ನ ಫೈಲ್‌ನಲ್ಲಿ ಇರುತ್ತದೆ. ಪೆಟ್ಟಿಗೆಯಲ್ಲಿ ಆ ಫೈಲ್‌ನ ದಾರಿ ಮತ್ತು ಕೀಯ ಹೆಸರು ಮಾತ್ರ. ಆಗ ಈ ಜೇಸನ್ ಅನ್ನು ಗಿಟ್‌ನಲ್ಲೂ ಧೈರ್ಯವಾಗಿ ಇಡಬಹುದು, ಅಲ್ವಾ?

ಸಬ್ಮಿಟ್ ಒತ್ತಿದ ಕೂಡಲೇ ಕನೆಕ್ಟ್ ಕಾನ್ಫಿಗರೇಶನ್ ಪರೀಕ್ಷಿಸುತ್ತದೆ. ಡೇಟಾಬೇಸ್‌ಗೆ ಹೋಗಿ ಬಾಗಿಲು ತಟ್ಟಿಯೂ ನೋಡುತ್ತದೆ. ವಿಳಾಸ, ಪಾಸ್‌ವರ್ಡ್ ತಪ್ಪಿದ್ದರೆ ಅಲ್ಲೇ ಕೆಂಪು ಸಂದೇಶ ಬರುತ್ತದೆ. ಎಲ್ಲ ಸರಿ ಇದ್ದರೆ ಪಟ್ಟಿಯಲ್ಲಿ ಕನೆಕ್ಟರ್ 'ರನ್ನಿಂಗ್' ಆಗುತ್ತದೆ.

ಇಲ್ಲಿ ನಿಂತು ನೋಡಬೇಕು. ಕನೆಕ್ಟರ್‌ನ ಸ್ಥಿತಿ ಬೇರೆ, ಟಾಸ್ಕ್‌ನ ಸ್ಥಿತಿ ಬೇರೆ. ಕನೆಕ್ಟರ್ ರನ್ನಿಂಗ್ ಅಂತ ಇದ್ದೇ ಅದರ ಒಳಗಿನ ಟಾಸ್ಕ್ 'ಫೇಲ್ಡ್' ಆಗಿರಬಹುದು. ಡೇಟಾ ಸಾಗಿಸುವುದು ಟಾಸ್ಕ್. ಹಾಗಾಗಿ ನಮ್ಮ ಹುಡುಗರಿಗೆ ಕಲಿಸಿದ ಮೊದಲ ಪಾಠ: ಹೆಸರಿನ ಮೇಲೆ ಕ್ಲಿಕ್ ಮಾಡಿ, ಟಾಸ್ಕ್ಸ್ ಟ್ಯಾಬ್‌ಗೆ ಹೋಗಿ. ಅಲ್ಲಿ ದೋಷದ ಪೂರ್ತಿ ಟ್ರೇಸ್ ಇರುತ್ತದೆ. ಮೇಲಿನ ಸಾಲು ಓದಿ ನಿಲ್ಲಿಸಬೇಡಿ, ಕೆಳಗಿನ 'ಕಾಸ್ಡ್ ಬೈ'ವರೆಗೆ ಇಳಿಯಿರಿ. ನಿಜವಾದ ಕಾರಣ ಅಲ್ಲಿರುತ್ತದೆ. ಟಾಸ್ಕ್ ಬಿದ್ದರೆ ಕನೆಕ್ಟ್ ತಾನಾಗಿ ಅದನ್ನು ಎಬ್ಬಿಸುವುದಿಲ್ಲ. ಕಾರಣ ಸರಿ ಮಾಡಿ ಮೆನುವಿನಿಂದ 'ರೀಸ್ಟಾರ್ಟ್ ಫೇಲ್ಡ್ ಟಾಸ್ಕ್ಸ್' ಒತ್ತಬೇಕು.

ಮೊದಲು ಸ್ನ್ಯಾಪ್‌ಶಾಟ್ ನಡೆಯುತ್ತದೆ. ಈಗ ಇರುವ ಸಾಲುಗಳನ್ನೆಲ್ಲ ಓದಿ ಕಳಿಸುತ್ತದೆ. ಆ ಮೆಸೇಜ್‌ಗಳಲ್ಲಿ ಆಪ್ ಅನ್ನುವ ಜಾಗದಲ್ಲಿ 'ಆರ್' ಇರುತ್ತದೆ. ಆಮೇಲೆ ಹೊಸ ಸಾಲಿಗೆ 'ಸಿ', ಬದಲಾವಣೆಗೆ 'ಯು', ಅಳಿಸಿದ್ದಕ್ಕೆ 'ಡಿ'. ಕನ್ಸೋಲ್‌ನಲ್ಲಿ ಟಾಪಿಕ್ ತೆರೆದು ಮೆಸೇಜ್‌ಗಳನ್ನು ನೋಡುತ್ತಾ, ಟೆಸ್ಟ್ ಸಾಲು ಸೇರಿಸಿ, ಬದಲಿಸಿ, ಅಳಿಸಿ ಈ ನಾಲ್ಕನ್ನೂ ಕಣ್ಣಾರೆ ಕಂಡೆ. ಗ್ರಾಹಕರ ಹೆಸರುಗಳು ಕನ್ನಡದಲ್ಲಿವೆ. ಡೇಟಾಬೇಸ್ ಯುಟಿಎಫ್-8 ಆದ್ದರಿಂದ ಒತ್ತಕ್ಷರವೂ ಹಾಳಾಗದೆ ಬಂದವು. ಆ ಕ್ಷಣ ಬಹಳ ಸಂತೋಷ ಆಯಿತು.

ಆದರೆ ಹಣದ ಕಾಲಂ ವಿಚಿತ್ರವಾಗಿ ಕಂಡಿತು. 500 ರೂಪಾಯಿ ಇರಬೇಕಾದಲ್ಲಿ 'ಎಎಂಎನ್‌ಕ್ಯೂ' ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರ! ಇದು ಹಾಳಾದ ಡೇಟಾ ಅಲ್ಲ. ಡೆಬೀಜಿಯಂ ನ್ಯೂಮರಿಕ್ ಕಾಲಂ ಅನ್ನು ಒಂದು ಪೈಸೆಯೂ ಆಚೀಚೆ ಆಗದಂತೆ ಬೈಟ್‌ಗಳಾಗಿ ಕಳಿಸುತ್ತದೆ. ಎರಡು ದಶಮಾಂಶ ಸ್ಥಾನದ 500.00 ಅಂದರೆ 50000. ಅದರ ಬೈಟ್‌ಗಳನ್ನು ಬೇಸ್64ರಲ್ಲಿ ಬರೆದರೆ ಆ ನಾಲ್ಕು ಅಕ್ಷರ ಬರುತ್ತದೆ. ಮೆಸೇಜ್‌ನ ಸ್ಕೀಮಾದಲ್ಲಿ (ಯಾವ ಕಾಲಂ ಯಾವ ಬಗೆಯದು ಅನ್ನುವ ವಿವರ) ಸ್ಕೇಲ್ 2 ಅಂತ ಬರೆದಿರುತ್ತದೆ, ಓದುವ ಕಡೆ ಅದನ್ನು ಬಿಡಿಸಿಕೊಳ್ಳುತ್ತದೆ. ಡೆಸಿಮಲ್ ಹ್ಯಾಂಡ್ಲಿಂಗ್ ಮೋಡ್ ಅನ್ನು 'ಸ್ಟ್ರಿಂಗ್' ಮಾಡಿದರೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ನಾನು ಮಾಡಲಿಲ್ಲ. ಕೊನೆಗೆ ಇದು ಹೋಗುವುದು ಇನ್ನೊಂದು ಪೋಸ್ಟ್‌ಗ್ರೆಸ್‌ಗೆ, ಅಲ್ಲಿ ಅದು ನ್ಯೂಮರಿಕ್ ಆಗಿಯೇ ಕೂರಬೇಕು. 'ಡಬಲ್' ಮಾತ್ರ ಹಣಕ್ಕೆ ಬೇಡವೇ ಬೇಡ.

ಸಮಯದ ವಿಷಯವೂ ಹೀಗೇ. ನಮ್ಮ ಆರ್ಡರ್ ಟೇಬಲ್‌ನಲ್ಲಿ ಟೈಮ್ ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್ ಇದೆ, ಒಳಗೆ ಇರುವುದು ಭಾರತದ ಸಮಯ. ಡೆಬೀಜಿಯಂ ಅದನ್ನು ಯುಟಿಸಿ ಅಂತಲೇ ತಿಳಿಯುತ್ತದೆ. ಟಾಪಿಕ್‌ನಿಂದ ನೇರವಾಗಿ ಓದುವ ಡ್ಯಾಶ್‌ಬೋರ್ಡ್ ಅದನ್ನು ಮತ್ತೆ ಭಾರತದ ಸಮಯಕ್ಕೆ ಬದಲಿಸಿದರೆ ಐದೂವರೆ ಗಂಟೆ ಮುಂದೆ ಹೋಗುತ್ತದೆ. ಬೆಳಿಗ್ಗೆ 10ರ ಆರ್ಡರ್ ಮಧ್ಯಾಹ್ನ 3:30ಕ್ಕೆ ಆದಂತೆ ಕಾಣುತ್ತದೆ. ಆದ್ದರಿಂದ ಟಾಪಿಕ್ ಓದುವ ಪ್ರತಿ ತಂಡಕ್ಕೂ ಇದನ್ನು ಬರೆದು ಕೊಟ್ಟಿದ್ದೇನೆ. ಹೊಸ ಟೇಬಲ್‌ಗಳಲ್ಲಿ ಟೈಮ್ ಝೋನ್ ಇರುವ ಕಾಲಂ ಮಾತ್ರ ಬಳಸುತ್ತೇವೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು ರೆಪ್ಲಿಕೇಶನ್ ಸ್ಲಾಟ್ ಬಗ್ಗೆ. ಕನೆಕ್ಟರ್ ಎಲ್ಲಿವರೆಗೆ ಓದಿ ಮುಗಿಸಿದೆ ಅನ್ನುವುದನ್ನು ಪೋಸ್ಟ್‌ಗ್ರೆಸ್ ಸ್ಲಾಟ್‌ನಲ್ಲಿ ಗುರುತಿಟ್ಟುಕೊಳ್ಳುತ್ತದೆ. ಅದರ ಮುಂದಿನ ಲಾಗ್ ಅನ್ನು ಅಳಿಸುವುದಿಲ್ಲ. ಗಿರಾಕಿ ಊರಿಗೆ ಹೋಗಿದ್ದರೂ ಹಾಲಿನವನು ದಿನದಿನದ ಪ್ಯಾಕೆಟ್‌ಗಳನ್ನು ಅವರ ಹೆಸರಿನಲ್ಲಿ ತನ್ನ ಮನೆಯಲ್ಲೇ ಕೂಡಿಡುತ್ತಾ ಹೋದ ಹಾಗೆ. ಕನೆಕ್ಟರ್ ನಿಂತಷ್ಟು ಹೊತ್ತೂ ಡಿಸ್ಕ್ ತುಂಬುತ್ತಾ ಹೋಗುತ್ತದೆ. ಡಿಸ್ಕ್ ಪೂರ್ತಿ ತುಂಬಿದರೆ ನಿಲ್ಲುವುದು ರಿಪೋರ್ಟ್ ಅಲ್ಲ, ಬಿಲ್ಲಿಂಗೇ. ರಿಪೋರ್ಟ್ ಚುರುಕಾಗಲಿ ಅಂತ ಮಾಡಿದ ಏರ್ಪಾಡು ಅಂಗಡಿಯನ್ನೇ ಮುಚ್ಚಿಸಬಾರದು.

ಇದು ಕನ್ಸೋಲ್‌ನಲ್ಲಿ ಎಲ್ಲೂ ಕಾಣುವುದಿಲ್ಲ. 'ಪಾಝ್' ಒತ್ತಿ ಕನೆಕ್ಟರ್ ತಡೆದಿಟ್ಟರೆ ಪರದೆ ಶಾಂತವಾಗಿ ಕಾಣುತ್ತದೆ, ಹಿಂದೆ ಲಾಗ್ ಬೆಳೆಯುತ್ತಿರುತ್ತದೆ. ಕನೆಕ್ಟರ್ ಅನ್ನು ಡಿಲೀಟ್ ಮಾಡಿದರೂ ಸ್ಲಾಟ್ ಡೇಟಾಬೇಸ್‌ನಲ್ಲಿ ಹಾಗೇ ಉಳಿಯುತ್ತದೆ. ಪಟ್ಟಿಯಲ್ಲಿ ಕನೆಕ್ಟರೇ ಇಲ್ಲ, ಆದರೆ ಡಿಸ್ಕ್ ತುಂಬುತ್ತಿದೆ. ಗೊತ್ತಿಲ್ಲದವರು ಎಲ್ಲಿ ಅಂತ ಹುಡುಕಬೇಕು? ಹಾಗಾಗಿ ನಮ್ಮಲ್ಲಿ ನಿಯಮ ಮಾಡಿದ್ದೇವೆ. ಕನೆಕ್ಟರ್ ತೆಗೆದವರೇ ಪೋಸ್ಟ್‌ಗ್ರೆಸ್‌ಗೆ ಹೋಗಿ ಸ್ಲಾಟ್ ಡ್ರಾಪ್ ಮಾಡಬೇಕು.

ಸ್ಲಾಟ್ ಎಷ್ಟು ಹಿಂದಿದೆ ಅಂತ ನೋಡುವುದು ಕಷ್ಟವಲ್ಲ. ಪಿಜಿ ರೆಪ್ಲಿಕೇಶನ್ ಸ್ಲಾಟ್ಸ್ ಅನ್ನುವ ವ್ಯೂನಲ್ಲಿ ಪ್ರತಿ ಸ್ಲಾಟ್‌ನ ಗುರುತು ಇರುತ್ತದೆ. ಲಾಗ್‌ನ ಈಗಿನ ಜಾಗದಿಂದ ಅದನ್ನು ಕಳೆದರೆ ಎಷ್ಟು ಬೈಟ್ ಬಾಕಿ ಅಂತ ಸಿಗುತ್ತದೆ. ಆ ಸಂಖ್ಯೆಯನ್ನು ಗ್ರಾಫಾನಾ ಅನ್ನುವ ನಿಗಾ ಪರದೆಯಲ್ಲಿ ಹಾಕಿ ಮಿತಿ ದಾಟಿದರೆ ಅಲಾರಂ ಬರುವಂತೆ ಮಾಡಿದೆ. ಜೊತೆಗೆ ಪೋಸ್ಟ್‌ಗ್ರೆಸ್ 13ರಲ್ಲಿ ಬಂದ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಇಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಲಾಗ್ ಕೂಡಿದರೆ ಪೋಸ್ಟ್‌ಗ್ರೆಸ್ ಸ್ಲಾಟ್ ಅನ್ನೇ ಕೈಬಿಡುತ್ತದೆ. ಆಗ ಸ್ನ್ಯಾಪ್‌ಶಾಟ್ ಮತ್ತೆ ಮಾಡಬೇಕಾಗುತ್ತದೆ. ಪರವಾಗಿಲ್ಲ, ಬಿಲ್ಲಿಂಗ್ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಅದೇ ಸರ್ವರ್‌ನಲ್ಲಿ ಬೇರೆ ಡೇಟಾಬೇಸ್ ಬಹಳ ಬರೆಯುತ್ತಿದ್ದು, ನಾವು ನೋಡುವ ಟೇಬಲ್ ಸುಮ್ನೆ ಇದ್ದರೆ? ಲಾಗ್ ಬೆಳೆಯುತ್ತದೆ, ಕನೆಕ್ಟರ್‌ಗೆ ಸುದ್ದಿ ಏನೂ ಬರುವುದಿಲ್ಲ, ಗುರುತು ಮುಂದೆ ಹೋಗುವುದಿಲ್ಲ. ಎಲ್ಲ ಆರೋಗ್ಯವಾಗಿದ್ದೂ ಡಿಸ್ಕ್ ತುಂಬುತ್ತದೆ. ಭಾನುವಾರ ನಮ್ಮ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಬೇರೆ ಡೇಟಾಬೇಸ್‌ನ ಕೆಲಸ ನಿಲ್ಲುವುದಿಲ್ಲ. ಅದಕ್ಕೆ ಒಂದು ಪುಟ್ಟ ಹಾರ್ಟ್‌ಬೀಟ್ ಟೇಬಲ್ ಮಾಡಿ ಪಬ್ಲಿಕೇಶನ್‌ಗೆ ಸೇರಿಸಿದೆ. ಹಾರ್ಟ್‌ಬೀಟ್ ಇಂಟರ್ವಲ್ ಮತ್ತು ಹಾರ್ಟ್‌ಬೀಟ್ ಆ್ಯಕ್ಷನ್ ಕ್ವೆರಿ ಕೊಟ್ಟೆ. ಕನೆಕ್ಟರ್ ತಾನೇ ಆಗಾಗ ಆ ಟೇಬಲ್‌ಗೆ ಬರೆಯುತ್ತದೆ, ಗುರುತು ಮುಂದೆ ಸರಿಯುತ್ತದೆ. ಆ ಟೇಬಲ್‌ಗೆ ಮಾತ್ರ ಕನೆಕ್ಟರ್ ಯೂಸರ್‌ಗೆ ಬರೆಯುವ ಹಕ್ಕು ಕೊಡಬೇಕು.

ರಿಪೋರ್ಟ್ ಡೇಟಾಬೇಸ್‌ಗೆ ಇಳಿಸುವ ಕಡೆ ಡೆಬೀಜಿಯಂನ ಜೆಡಿಬಿಸಿ ಸಿಂಕ್ (ಟಾಪಿಕ್‌ನಿಂದ ಓದಿ ಡೇಟಾಬೇಸ್‌ಗೆ ಬರೆಯುವ ಕನೆಕ್ಟರ್) ಬಳಸಿದೆ. ಇನ್ಸರ್ಟ್ ಮೋಡ್ 'ಅಪ್ಸರ್ಟ್' (ಸಾಲು ಇದ್ದರೆ ಬದಲಿಸು, ಇಲ್ಲದಿದ್ದರೆ ಸೇರಿಸು), ಕೀ ಮೆಸೇಜ್‌ನ ಕೀಯಿಂದ, ಡಿಲೀಟ್ ಆನ್. ಒಂದೇ ಮೆಸೇಜ್ ಎರಡು ಸಲ ಬಂದರೂ ಸಾಲು ಎರಡಾಗುವುದಿಲ್ಲ. ಸಿಂಕ್‌ಗೆ ಸ್ಕೀಮಾ ಬೇಕು, ಹಾಗಾಗಿ ಜೇಸನ್ ಕನ್ವರ್ಟರ್‌ನಲ್ಲಿ ಸ್ಕೀಮಾ ಆಫ್ ಮಾಡಬೇಡಿ. ಪ್ರತಿ ಮೆಸೇಜ್ ಉದ್ದವಾಗುತ್ತದೆ ಅನ್ನಿಸಿದರೆ ಸ್ಕೀಮಾವನ್ನು ಬೇರೆ ಕಡೆ ಇಡುವ ಆವ್ರೋ ಮತ್ತು ಸ್ಕೀಮಾ ರಿಜಿಸ್ಟ್ರಿ ಕಡೆ ಹೋಗಬಹುದು. ಸಿಂಕ್ ಹಿಂದೆ ಬಿದ್ದಿದೆಯಾ ಅನ್ನುವುದನ್ನು ಕನ್ಸೋಲ್ ಚೆನ್ನಾಗಿ ತೋರಿಸುತ್ತದೆ. ಕನ್ಸ್ಯೂಮರ್ಸ್ ಪುಟದಲ್ಲಿ 'ಕನೆಕ್ಟ್' ಪದ, ಒಂದು ಅಡ್ಡಗೆರೆ, ಆಮೇಲೆ ಕನೆಕ್ಟರ್‌ನ ಹೆಸರು ಇರುವ ಗುಂಪು ಹುಡುಕಿ ಲ್ಯಾಗ್ (ಇನ್ನೂ ಓದದೆ ಬಾಕಿ ಇರುವ ಮೆಸೇಜ್‌ಗಳ ಸಂಖ್ಯೆ) ನೋಡಿದರೆ ಸಾಕು.

ಈಗ ರಿಪೋರ್ಟ್‌ಗಳು ಬೇರೆ ಡೇಟಾಬೇಸ್‌ನಲ್ಲಿ ಓಡುತ್ತವೆ. ತಿಂಗಳ ಕೊನೆಗೂ ಕೌಂಟರ್‌ನಲ್ಲಿ ಬಿಲ್ ನಿಲ್ಲುವುದಿಲ್ಲ. ಮುಂದಿನದು ಮೈಎಸ್‌ಕ್ಯೂಎಲ್‌ನಲ್ಲಿರುವ ಸ್ಟಾಕ್ ಟೇಬಲ್‌ಗಳು. ಅಲ್ಲಿ ಸ್ಲಾಟ್ ಇಲ್ಲ, ಬಿನ್‌ಲಾಗ್ ಅನ್ನುವ ಬದಲಾವಣೆಗಳ ಲಾಗ್ ಇದೆ. ಅಪಾಯ ತಿರುಗಾ ಮುರುಗಾ: ಡಿಸ್ಕ್ ತುಂಬುವುದಿಲ್ಲ, ಬದಲಿಗೆ ಕನೆಕ್ಟರ್ ಜಾಸ್ತಿ ಹೊತ್ತು ನಿಂತರೆ ಓದಬೇಕಾದ ಲಾಗ್ ಅಳಿಸಿ ಹೋಗುತ್ತದೆ. ಹಾಗಾಗಿ ಬಿನ್‌ಲಾಗ್ ಎಷ್ಟು ದಿನ ಉಳಿಯಬೇಕು ಅನ್ನುವುದನ್ನು ಡೇಟಾಬೇಸ್ ನೋಡುವವರ ಜೊತೆ ಕೂತು ಮೊದಲು ತೀರ್ಮಾನಿಸುತ್ತಿದ್ದೇವೆ. ಫಾರ್ಮ್ ಅದಾದ ಮೇಲೆ.