ಆಸ್ಟೂರಿಯಸ್‌ನಲ್ಲಿ ಒಂದು ಮನೆ, ಅರ್ಧ ಕಣಜ

ಸ್ಪೇನ್‌ನಲ್ಲಿ ಮನೆ ತಗೊಂಡೆವು ಅಂದರೆ ಎಲ್ಲರೂ ಬಾರ್ಸಿಲೋನಾನಾ ಅಂತ ಕೇಳುತ್ತಾರೆ, ಇಲ್ಲಾಂದ್ರೆ ದಕ್ಷಿಣದ ಬಿಸಿಲು ಕರಾವಳಿನಾ ಅಂತ. ಮ್ಯಾಡ್ರಿಡ್‌ನಲ್ಲಿ ಕೆಲಸ ಮಾಡುವ ನಾವಿಬ್ಬರೂ ಹುಡುಕಿದ್ದು ಉತ್ತರದಲ್ಲಿ, ಆಸ್ಟೂರಿಯಸ್‌ನ ಯಾನೆಸ್ ಸುತ್ತಮುತ್ತ. ಒಂದು ಕಡೆ ಕಾಂತಾಬ್ರಿಯನ್ ಸಮುದ್ರ. ಇನ್ನೊಂದು ಕಡೆ ಸಿಯೆರ್ರಾ ದೆಲ್ ಕ್ವೇರಾ ಬೆಟ್ಟಸಾಲು, ಅದರ ಹಿಂದೆ 2,600 ಮೀಟರ್ ದಾಟುವ ಪಿಕೋಸ್ ದೆ ಯುರೋಪಾ. ನಡುವಿನ ಪಟ್ಟಿಯಲ್ಲಿ ಹುಲ್ಲುಗಾವಲು, ಹಸು, ಸೇಬಿನ ಮರ, ಪುಟ್ಟ ಹಳ್ಳಿಗಳು.

ಅಲ್ಲಿ ಮನೆ ನೋಡಲು ಆಗಸ್ಟ್‌ನಲ್ಲಿ ಹೋಗಬೇಡಿ. ಆಗ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಬೆಲೆಯೊಂದನ್ನು ಬಿಟ್ಟು. ನಾವು ನವೆಂಬರ್‌ನಲ್ಲಿ, ಜಿಟಿಜಿಟಿ ಮಳೆಯಲ್ಲೇ ಹೋದೆವು. ಕಲ್ಲಿನ ಗೋಡೆ ಎಲ್ಲಿಂದ ನೀರು ಹೀರುತ್ತದೆ, ಚೆಸ್ಟ್‌ನಟ್ ತೊಲೆಯಲ್ಲಿ ಹುಳ ಹಿಡಿದಿದೆಯಾ, ಮಧ್ಯಾಹ್ನ ಎಷ್ಟು ಹೊತ್ತಿಗೆ ಬೆಟ್ಟದ ನೆರಳು ಮನೆ ಮೇಲೆ ಬೀಳುತ್ತದೆ ಅನ್ನುವುದೆಲ್ಲ ಆಗಲೇ ಗೊತ್ತಾಗುವುದು. ಮೊಬೈಲ್ ಸಿಗ್ನಲ್ ನೋಡಿಕೊಂಡೆವು. ಚರಂಡಿ ಊರಿನದ್ದಾ, ಅಥವಾ ಮನೆಯದ್ದೇ ಗುಂಡಿಯಾ ಅಂತಲೂ ಕೇಳಿದೆವು. ಗುಂಡಿಯೇ ಇತ್ತು.

ನಿಜವಾದ ಕೆಲಸ ಶುರುವಾಗಿದ್ದು ಮನೆ ಇಷ್ಟವಾದ ಮೇಲೆ. ಅಲ್ಲಿ ಒಂದೇ ಆಸ್ತಿಗೆ ಎರಡು ದಾಖಲೆ. ಒಂದು ಆಸ್ತಿ ನೋಂದಣಿ ಕಚೇರಿಯದ್ದು, ಅದು ಮಾಲೀಕ ಯಾರು, ಸಾಲ ಇದೆಯಾ ಅಂತ ಹೇಳುತ್ತದೆ. ಅದರಿಂದ ಸಿಗುವ ‘ನೋಟಾ ಸಿಂಪ್ಲೆ’ ನಮ್ಮ ಇಸಿಯ (ಋಣಭಾರ ಪತ್ರದ) ಕೆಲಸ ಮಾಡುತ್ತದೆ. ಆನ್‌ಲೈನ್‌ನಲ್ಲಿ ಹತ್ತು ಯೂರೋ ಆಸುಪಾಸಿಗೆ ಬರುತ್ತದೆ. ಇನ್ನೊಂದು ‘ಕತಾಸ್ತ್ರೊ’, ತೆರಿಗೆಗಾಗಿ ಇಟ್ಟಿರುವ ನಕ್ಷೆ ಮತ್ತು ಅಳತೆ. ಇವೆರಡೂ ಹೊಂದಬೇಕು, ಜೊತೆಗೆ ಕಣ್ಣೆದುರಿನ ಗೋಡೆಗೂ ಹೊಂದಬೇಕು. ಹಳೇ ಹಳ್ಳಿ ಮನೆಗಳಲ್ಲಿ ಇದು ಅಪರೂಪ. ನಮ್ಮ ಮನೆ ಒಂದರಲ್ಲಿ 90 ಚದರ ಮೀಟರ್, ಇನ್ನೊಂದರಲ್ಲಿ 140. ಹಿಂದಿನ ಕೊಟ್ಟಿಗೆಯನ್ನು ಯಾವಾಗಲೋ ಅಡುಗೆಮನೆ ಮಾಡಿಕೊಂಡಿದ್ದರು, ನೋಂದಣಿಗೆ ಮಾತ್ರ ಸೇರಿಸಿರಲಿಲ್ಲ. ಅದನ್ನು ಸರಿಮಾಡಿಸುವ ಖರ್ಚು ಮಾರುವವರದ್ದು ಅಂತ ವಕೀಲರು ಒಪ್ಪಂದದಲ್ಲೇ ಬರೆಸಿದರು. ಏಜೆಂಟ್ ಗೊಣಗಿದ. ಗೊಣಗಲಿ, ಅವನು ಮಾರುವವರ ಕಡೆಯವನು ಅಲ್ವಾ.

ಮಾಲೀಕರು ನಾಲ್ಕು ಜನ ಅಣ್ಣತಮ್ಮ ಅಕ್ಕತಂಗಿಯರು. ಒಬ್ಬರು ಮೆಕ್ಸಿಕೋದಲ್ಲಿದ್ದರು. ಆಸ್ಟೂರಿಯಸ್‌ನಿಂದ ಹಿಂದೆ ಬಹಳ ಜನ ಅಮೆರಿಕ ಖಂಡಕ್ಕೆ ವಲಸೆ ಹೋಗಿದ್ದರಿಂದ ಇದು ಮಾಮೂಲಿ. ಅವರ ಅಧಿಕಾರ ಪತ್ರ, ಬೇರೆ ದೇಶದಲ್ಲೂ ನಡೆಯುವಂತೆ ಹಾಕುವ ಅಪೋಸ್ಟಿಲ್ ಮುದ್ರೆಯೊಂದಿಗೆ ಬರುವ ತನಕ ಕಾದೆವು.

ಇನ್ನು ಕಣಜ. ಅಲ್ಲಿ ಅದಕ್ಕೆ ‘ಓರ್ರೆಯೊ’ ಅನ್ನುತ್ತಾರೆ. ನಾಲ್ಕು ಕಂಬದ ಮೇಲೆ ನಿಂತ ಮರದ ಕೋಣೆ, ಪ್ರತಿ ಕಂಬದ ತಲೆಗೆ ಇಲಿ ಹತ್ತದಂತೆ ಅಗಲವಾದ ಚಪ್ಪಡಿ ಕಲ್ಲು. ನಮ್ಮ ಪತ್ರದಲ್ಲಿ ‘ಓರ್ರೆಯೊದ ಅರ್ಧ’ ಅಂತಿತ್ತು. ಮಿಕ್ಕ ಅರ್ಧ ಪಕ್ಕದ ಮನೆಯವರದ್ದು. ಕಣಜ ಹೀಗೆ ಪಾಲಾಗಿರುವುದು ಅಲ್ಲಿ ವಿಶೇಷವೇನಲ್ಲ. ಇವಕ್ಕೆ ಕಾನೂನಿನ ರಕ್ಷಣೆಯೂ ಇದೆ, ಅನುಮತಿ ಇಲ್ಲದೆ ಕೆಡವುವ ಹಾಗಿಲ್ಲ, ಜಾಗ ಬದಲಿಸುವ ಹಾಗಿಲ್ಲ. ಸಹಿಗೆ ಮೊದಲೇ ಪಕ್ಕದ ಅಜ್ಜಿಯ ಮನೆಗೆ ಹೋಗಿ, ಸೇಬಿನ ಮದ್ಯವಾದ ಸೈಡರ್ ಕುಡಿದು, ಯಾವ ಅರ್ಧ ಯಾರದ್ದು, ಹೆಂಚು ಹೋದರೆ ಯಾರು ಹಾಕಿಸುವುದು ಅಂತ ಮಾತಾಡಿಕೊಂಡೆವು. ಆ ಭೇಟಿಯಿಂದ ಇನ್ನೊಂದು ಲಾಭವಾಯಿತು. ಮನೆಯ ಜೊತೆ ಒಂದು ಚಿಕ್ಕ ಹುಲ್ಲುಗಾವಲು ಬೇರೆಯೇ ಆಸ್ತಿಯಾಗಿ ಬರುತ್ತಿತ್ತು. ಒಂದು ಹೆಕ್ಟೇರ್ ಮೀರದ ಕೃಷಿ ಜಮೀನು ಮಾರಾಟವಾದರೆ, ಬದುವಿಗೆ ಬದು ತಾಗಿರುವ ಜಮೀನಿನವರು ಅದೇ ಬೆಲೆಗೆ ತಮಗೆ ಬೇಕೆಂದು ಕೇಳಬಹುದು. ಸ್ಪೇನ್‌ನ ಸಿವಿಲ್ ಕೋಡ್‌ನ 1523ನೇ ವಿಧಿ ಅದು. ಅಜ್ಜಿಗೆ ಹುಲ್ಲು ಬೇಕಿತ್ತು, ಜಮೀನಲ್ಲ. ಹುಲ್ಲು ಈಗಲೂ ಅವರ ಹಸುಗಳಿಗೇ.

ಮುಂಗಡವಾಗಿ ಶೇ. 10 ಕೊಟ್ಟು ‘ಅರಾಸ್’ ಒಪ್ಪಂದ ಮಾಡಿಕೊಂಡೆವು. ನಾವು ಹಿಂದೆ ಸರಿದರೆ ಹಣ ಹೋಯಿತು, ಅವರು ಸರಿದರೆ ಎರಡರಷ್ಟು ವಾಪಸ್. ಪುರಸಭೆಯಿಂದ ಜಾಗದ ವರ್ಗೀಕರಣದ ಪತ್ರವನ್ನೂ ತರಿಸಿದೆವು, ಯಾಕೆಂದರೆ ರಿಪೇರಿಗೆ ಅನುಮತಿ ಸಿಗುವುದು ಬಿಡುವುದು ಅದರ ಮೇಲೆ. ಕೊನೆಗೆ ನೋಟರಿ ಮುಂದೆ ಸಹಿ. ಅಲ್ಲಿ ನೋಟರಿ ಅಂದರೆ ಸರ್ಕಾರಿ ಅಧಿಕಾರಿ, ಪತ್ರವನ್ನು ಓದಿ ಹೇಳುತ್ತಾರೆ. ಗಂಡ ಹೆಂಡತಿ ಆಸ್ತಿ ಯಾವ ಕಾನೂನಿನ ಪ್ರಕಾರ ಅಂತ ನಮ್ಮನ್ನು ಕೇಳಿದರು. ನಮ್ಮಲ್ಲಿ ಮದುವೆಯಾದ ಮಾತ್ರಕ್ಕೆ ಆಸ್ತಿ ಜಂಟಿಯಾಗುವುದಿಲ್ಲ ಅಂತ ಹೇಳಿ ಇಬ್ಬರ ಹೆಸರಿಗೂ ಅರ್ಧರ್ಧ ಬರೆಸಿದೆವು.

ಹಳೇ ಮನೆಗೆ ವರ್ಗಾವಣೆ ತೆರಿಗೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ನಾವು ಶೇ. 8 ಕಟ್ಟಿದೆವು. 2022ರಿಂದ ಕತಾಸ್ತ್ರೊ ಒಂದು ಆಧಾರ ಬೆಲೆ ಕೊಡುತ್ತದೆ. ನೀವು ಕಡಿಮೆಗೆ ಕೊಂಡಿದ್ದರೂ ತೆರಿಗೆ ಅದರ ಮೇಲೇ, ಹಾಗಾಗಿ ಚೌಕಾಸಿಗೆ ಮೊದಲೇ ಅದನ್ನು ನೋಡಿಟ್ಟುಕೊಳ್ಳಿ.

ಭಾರತದಲ್ಲೇ ಇದ್ದು ಕೊಳ್ಳುವವರಿಗೆ ಲೆಕ್ಕ ಬೇರೆ. ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ಮನೆ ಕೊಂಡವರಿಗೆ ವಾಸದ ಪರವಾನಗಿ ಕೊಡುತ್ತಿದ್ದ ಗೋಲ್ಡನ್ ವೀಸಾ 2025ರ ಏಪ್ರಿಲ್ 3ಕ್ಕೆ ನಿಂತಿತು. ಈಗ ಬರೀ ಮನೆ ಇದ್ದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲೇ ಹೋಗಬೇಕು, 180 ದಿನಗಳಲ್ಲಿ 90 ದಿನ ಅಷ್ಟೇ. ಉಳಿದ ದಿನ ಮನೆಯ ಕಿಟಕಿ ತೆರೆದು ಗಾಳಿ ಆಡಿಸಲು ಊರಲ್ಲಿ ಒಬ್ಬರು ಬೇಕು.