ಕಲರ್ ಸಾರ್ಟರ್ ತಂದ ಮೇಲೆ ಗೊತ್ತಾದದ್ದು

ನನ್ನೂರು ಗುಂಡ್ಲುಪೇಟೆ ಪಕ್ಕ. ಬಂಡೀಪುರ ದಾಟಿದರೆ ನೀಲಗಿರಿ. ಕೋಟಗಿರಿಯ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಟೀ ಮೇಕರ್ ಆಗಿದ್ದೇನೆ. ನಮಗೆ ಸ್ವಂತ ತೋಟವಿಲ್ಲ. ಸಣ್ಣ ಬೆಳೆಗಾರರಿಂದ ಹಸಿ ಎಲೆ ಕೊಂಡು (ಇಲ್ಲಿ ಎಲ್ಲರ ಬಾಯಲ್ಲೂ ಅದು ‘ಕೊಳುಂದು’), ಹಲ್ಲಿನ ರೋಲರ್‌ಗಳ ನಡುವೆ ಎಲೆ ಕತ್ತರಿಸಿ ಕಾಳುಕಾಳಾಗಿ ಮಾಡುವ ಸಿಟಿಸಿ ಟೀ ತಯಾರಿಸಿ ಕೂನೂರಿನ ಹರಾಜಿಗೆ ಕಳಿಸುತ್ತೇವೆ.

ಒಂದು ವರ್ಷ ನಮ್ಮ ಟೀಗೆ ಬೆಲೆಯೇ ಹತ್ತಲಿಲ್ಲ. ಬಣ್ಣ ಕಂದು, ನಾರು ಜಾಸ್ತಿ, ಲಿಕರ್ (ಕುದಿಸಿ ಸೋಸಿದ ಟೀ ನೀರು) ಸಪ್ಪೆ. ಯಾವ ಮಷಿನ್ ಬೇಕು ಅಂತ ಮಾಲೀಕರು ಕೇಳಿದಾಗ ನಾನೇ ಕಲರ್ ಸಾರ್ಟರ್ ಅಂದೆ. ಬಂತು. ಕ್ಯಾಮೆರಾ ನಾರನ್ನು ಗುರುತಿಸುತ್ತದೆ, ಗಾಳಿ ಊದಿ ಆಚೆ ತಳ್ಳುತ್ತದೆ. ಟೀ ಕಪ್ಪಗೆ, ಒಪ್ಪವಾಗಿ ಕಂಡಿತು. ಲೋಟಕ್ಕೆ ಬಿದ್ದರೆ ಅದೇ ಸಪ್ಪೆ. ತೆಗೆದ ನಾರಿನ ರಾಶಿ ನೋಡಿ ಮಾಲೀಕರು ನನ್ನ ಮುಖ ನೋಡಿದರು.

ಅಕ್ಟೋಬರ್‌ನಲ್ಲಿ ಕೋಟಗಿರಿ ಕಡೆ ಹಿಂಗಾರು ಹಿಡಿಯುತ್ತದೆ. ಅಂಥದೊಂದು ರಾತ್ರಿ ಶಿಫ್ಟಿನಲ್ಲಿ ಎಲೆ ಹರಡಿ ಕೆಳಗಿಂದ ಗಾಳಿ ಊದಿ ಬಾಡಿಸುವ ಉದ್ದನೆಯ ತೊಟ್ಟಿಗೆ, ಅಂದರೆ ಟ್ರಫ್‌ಗೆ, ತೋಳುದ್ದ ಕೈ ಹಾಕಿದೆ. ತಳದ ಎಲೆ ಗರಿಗರಿ, ಮೇಲಿನದು ನೀರು ನೀರು. ಎಲೆ ಜಾಸ್ತಿ ಬಂದಿತ್ತೆಂದು ಎರಡು ಟ್ರಫ್‌ನದ್ದನ್ನು ಒಂದಕ್ಕೇ ಸುರಿದಿದ್ದರು. ಫ್ಯಾನು ಕೆಳಗಿಂದ ಎಷ್ಟು ಊದಿದರೇನು, ಮಳೆಗಾಳಿಯಲ್ಲಿ ಮೊದಲೇ ತೇವ. ಹಸಿ ಎಲೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಸಿಟಿಸಿಗೆ ಅದು ಸುಮಾರು 70 ಶೇಕಡಾಕ್ಕೆ ಇಳಿಯಬೇಕು, ಅದೂ ಇಡೀ ಟ್ರಫ್‌ನಲ್ಲಿ ಒಂದೇ ಸಮ. ಬೇಗ ಇಳಿಸಿದರೂ ಪ್ರಯೋಜನವಿಲ್ಲ. ಹನ್ನೆರಡು ಗಂಟೆಯಾದರೂ ಮಲಗಿದರೇ ಎಲೆಯೊಳಗೆ ಪರಿಮಳ ಕಟ್ಟುವುದು.

ಅಲ್ಲಿಂದ ರೋಲರ್ ಹತ್ತಿರ ಬಂದೆ. ಕತ್ತರಿಸಿ ಬಿದ್ದ ಪುಡಿ ಅಂಗೈಗೆ ಬಿಸಿ ಹತ್ತಿತು. ಸಿಟಿಸಿಯಲ್ಲಿ ಒಂದು ರೋಲರ್ ನಿಧಾನ, ಇನ್ನೊಂದು ಅದರ ಹತ್ತು ಪಟ್ಟು ವೇಗ. ಹಲ್ಲು ಚೂಪಿದ್ದರೆ ಎಲೆ ತುಂಡಾಗುತ್ತದೆ, ಮೊಂಡಾಗಿದ್ದರೆ ಉಜ್ಜಿ ಕಾಯುತ್ತದೆ. ಹುದುಗುವ ಮೊದಲೇ ಕಾದ ಟೀಗೆ ಯಾವ ಸಾರ್ಟರೂ ರುಚಿ ತರಲಾರದು.

ಆಮೇಲೆ ಖರ್ಚು ಮಾಡಿದ್ದು ಸಣ್ಣದಕ್ಕೆ. ಟ್ರಫ್‌ನ ಬಾಯಿಗೆ ಒಣ–ಒದ್ದೆ ಬಲ್ಬಿನ ಥರ್ಮಾಮೀಟರ್ ನೇತುಹಾಕಿದೆವು. ಎರಡರ ನಡುವಿನ ಅಂತರ ಕಡಿಮೆಯಾದರೆ ಗಾಳಿಯಲ್ಲಿ ತೇವ ಹೆಚ್ಚಿದೆ ಅಂತ, ಆಗ ಹದವಾಗಿ ಬಿಸಿಗಾಳಿ ಬಿಡುವುದು. ಎಲೆ ಒಂದಡಿ ದಪ್ಪ ಮೀರಬಾರದು. ಚೂಪು ಮಾಡಿದ ಒಂದು ಸೆಟ್ ರೋಲರ್ ಸದಾ ತಯಾರಿರಬೇಕು. ಡ್ರೈಯರ್‌ನಿಂದ ಬಂದ ಟೀಯಲ್ಲಿ ತೇವ 3 ಶೇಕಡಾ ಆಸುಪಾಸು ಇದೆಯೇ ಎಂದು ಗಂಟೆಗೊಮ್ಮೆ ನೋಡುವುದಂತೂ ಮೊದಲಿಂದಲೂ ಇತ್ತು, ಹೆಚ್ಚಾಗಿ ಪುಸ್ತಕದಲ್ಲಿ.

ಬೆಲೆ ಚೇತರಿಸಿತು. ಎಲೆ ಚೆನ್ನಾಗಿಲ್ಲ ಅಂತ ಗೇಟಿನಲ್ಲಿ ನಡೆಯುವ ಜಗಳ ಮಾತ್ರ ನಿಂತಿಲ್ಲ. ಆಳು ಸಿಗುವುದಿಲ್ಲ ಅಂತ ಬೆಳೆಗಾರರು ಕತ್ತರಿ ಹಾಕುತ್ತಾರೆ, ಕೆಲವರು ಕೊಯ್ಲಿನ ಮಷಿನ್ನನ್ನೇ ಓಡಿಸುತ್ತಾರೆ. ಎರಡೆಲೆ ಒಂದು ಮೊಗ್ಗಿನ ಜತೆ ಬಲಿತ ಕಡ್ಡಿಯೂ ಬರುತ್ತದೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ಕಡ್ಡಿಗೋಸ್ಕರ ಕಲರ್ ಸಾರ್ಟರ್ ಈಗಲೂ ಓಡುತ್ತಿದೆ.